ಎರಡರಿಂದ ಮೂರಕ್ಕೆ ಹನ್ನೊಂದು ವರ್ಷ

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಒಂದನೇ ತರಗತಿಯ ಮಗುವನ್ನು ಕೇಳಿದರೆ ಬೆರಳು ಮಡಚಿ ಮೂರು ಎನ್ನುತ್ತದೆ. ಅದೇ ಪ್ರಶ್ನೆಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡನೇ ಆವೃತ್ತಿಗೆ ಕೇಳಿದರೆ ಸಾಮಾನ್ಯವಾಗಿ 15 ಎಂಬ ಉತ್ತರ ಬರುತ್ತಿತ್ತು. ಮೂರನೇ ಆವೃತ್ತಿ 5 ಎನ್ನುತ್ತದೆ. ಹದಿನೈದು ಎಂದರೆ ಯುಟಿಎಫ್-8 ಪದ್ಧತಿಯಲ್ಲಿ ಆ ಪದವನ್ನು ಇಟ್ಟುಕೊಳ್ಳಲು ಕಂಪ್ಯೂಟರಿಗೆ ಬೇಕಾಗುವ ಬೈಟ್‌ಗಳು. ಐದು ಎಂದರೆ ಒಂದು ಕ, ಒಂದು ನ, ಒತ್ತಕ್ಷರ ಕೂಡಿಸುವ ಹಲಂತ, ಇನ್ನೊಂದು ನ, ಒಂದು ಡ. ಐದು ಕೂಡ ಮೂರಲ್ಲ, ನಿಜ. ಆದರೆ ಐದು ಬರಹದ ಲೆಕ್ಕ; ಹದಿನೈದು ಗೋದಾಮಿನ ಲೆಕ್ಕ.

ಗೋದಾಮಿನ ಲೆಕ್ಕವನ್ನು ಬಿಟ್ಟು ಬರಹದ ಲೆಕ್ಕಕ್ಕೆ ಬರಲು ಪೈಥಾನ್ ಬಳಸುವವರಿಗೆ ಹನ್ನೊಂದು ವರ್ಷ ಹಿಡಿಯಿತು. ಮೂರನೇ ಆವೃತ್ತಿ ಬಿಡುಗಡೆಯಾದದ್ದು 2008ರ ಡಿಸೆಂಬರ್ 3ರಂದು. ಎರಡನೆಯದಕ್ಕೆ ಅಧಿಕೃತವಾಗಿ ತೆರೆ ಎಳೆದದ್ದು 2020ರ ಜನವರಿ 1ರಂದು. ಸಾಫ್ಟ್‌ವೇರ್ ಲೋಕದಲ್ಲಿ ಇಂದಿಗೂ ಯಾರಾದರೂ ‘ಹಳೆಯದನ್ನು ಮುರಿದು ಹೊಸದು ಮಾಡೋಣ’ ಎಂದರೆ ಸಾಕು, ಪಕ್ಕದವರು ‘ಪೈಥಾನ್ 3ರ ಕಥೆ ಗೊತ್ತಲ್ಲ?’ ಎಂದು ಬಾಯಿ ಮುಚ್ಚಿಸುತ್ತಾರೆ. ಆ ಕಥೆಯನ್ನು ಹೀಗೆ ಹೆದರಿಸಲು ಬಳಸುವುದರಲ್ಲಿ ಅರ್ಧ ಅನ್ಯಾಯವಿದೆ. ಮುರಿದದ್ದು ಸರಿಯಾಗಿಯೇ ಇತ್ತು. ಮುರಿದ ಮೇಲೆ ಜನ ಹೇಗೆ ದಾಟುತ್ತಾರೆ ಎಂಬ ಅಂದಾಜು ತಪ್ಪಿತ್ತು. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಬಾವಿಗೆ ಎಸೆಯುವುದು ಸರಿಯಲ್ಲ.

ಡಚ್ ಪ್ರೋಗ್ರಾಮರ್ ಗೀಡೊ ವಾನ್ ರಾಸಮ್ 1989ರ ಕ್ರಿಸ್ಮಸ್ ರಜೆಯಲ್ಲಿ ಪೈಥಾನ್ ಬರೆಯಲು ಕೂತಾಗ ಯೂನಿಕೋಡ್ ಇನ್ನೂ ಪ್ರಕಟವಾಗಿರಲಿಲ್ಲ. ಬರಹ ಎಂದರೆ ಇಂಗ್ಲಿಷ್ ಅಕ್ಷರ, ಅಕ್ಷರ ಎಂದರೆ ಒಂದು ಬೈಟ್. ಹಾಗಾಗಿ ‘ಸ್ಟ್ರಿಂಗ್’ ಎಂಬ ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ತುಂಬುವ ಪದ್ಧತಿ ಬಂತು: ಊರಿನ ಹೆಸರೂ ಅದರಲ್ಲೇ, ಫೋಟೋದ ಬೈಟ್‌ಗಳೂ ಅದರಲ್ಲೇ. 2000ದಲ್ಲಿ ಬಂದ ಎರಡನೇ ಆವೃತ್ತಿ ಯೂನಿಕೋಡ್ ಬರಹಕ್ಕೆಂದು ಇನ್ನೊಂದು ಪಾತ್ರೆ ಕೊಟ್ಟಿತು, ಆದರೆ ಹಳೆಯದನ್ನು ಹಾಗೇ ಉಳಿಸಿಕೊಂಡಿತು. ಎರಡೂ ಪಾತ್ರೆಗಳಲ್ಲಿರುವುದು ಇಂಗ್ಲಿಷ್ ಆಗಿರುವವರೆಗೆ ಅವನ್ನು ಒಂದಕ್ಕೊಂದು ಸುರಿದರೂ ಪೈಥಾನ್ ಚಕಾರ ಎತ್ತುತ್ತಿರಲಿಲ್ಲ.

ಅಪಾಯ ಇದ್ದದ್ದು ಆ ಮೌನದಲ್ಲೇ. ಪ್ರೋಗ್ರಾಮು ಬರೆದವರು ತಮ್ಮ ಹೆಸರು, ಗೆಳೆಯರ ಹೆಸರು ಹಾಕಿ ಪರೀಕ್ಷಿಸುತ್ತಾರೆ, ಎಲ್ಲ ಸರಿಯಾಗಿರುತ್ತದೆ. ಆರು ತಿಂಗಳಾದ ಮೇಲೆ ಯಾರೋ ಒಬ್ಬರು ತಮ್ಮ ಹೆಸರನ್ನು ಕನ್ನಡದಲ್ಲಿ ತುಂಬುತ್ತಾರೆ. ಇಡೀ ಪ್ರೋಗ್ರಾಮು ಬಿದ್ದುಹೋಗುತ್ತದೆ. ಫ್ರೆಂಚ್ ಹೆಸರಾದರೆ ಅಕ್ಷರದ ಮೇಲಿನ ಒಂದು ಸಣ್ಣ ಗೆರೆಯೇ ಸಾಕಿತ್ತು. ಆಗ ಬರುತ್ತಿದ್ದ ದೂರು ಏನೆಂದರೆ, ಆಸ್ಕಿ ಪದ್ಧತಿಗೆ ಇಂಥ ಬೈಟನ್ನು ಓದಲಾಗುತ್ತಿಲ್ಲ, ಆ ಬೈಟ್ ‘ಇ0’. ಪೈಥಾನ್ 2ರಲ್ಲಿ ಕನ್ನಡದ ಕೆಲಸ ಮಾಡಿದ ಯಾರೂ ಈ ‘ಇ0’ಯನ್ನು ಮರೆತಿರಲಾರರು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರವೂ ಅದೇ ಬೈಟ್‌ನಿಂದ ಶುರುವಾಗುತ್ತದೆ. ತೆಲುಗು, ತಮಿಳು, ದೇವನಾಗರಿಯ ಅಕ್ಷರಗಳೂ ಅಷ್ಟೆ. ಅಂದರೆ ತಪ್ಪು ಮಾಡಿದ್ದು ಬರೆದವರು, ಬಾಗಿಲಲ್ಲಿ ತಡೆಸಿಕೊಂಡದ್ದು ಮಾತ್ರ ಇಂಗ್ಲಿಷಿನ ಆಚೆಗಿನ ಹೆಸರುಳ್ಳವರು.

ಮೂರನೇ ಆವೃತ್ತಿ ಈ ಪಾತ್ರೆಗಳನ್ನು ಬೇರೆ ಮಾಡಿತು. ಬರಹ ಬರಹವೇ, ಬೈಟ್ ಬೈಟೇ. ಎರಡನ್ನೂ ಬೆರೆಸಹೊರಟರೆ ಆರು ತಿಂಗಳು ಕಾಯುವುದಿಲ್ಲ, ಒಳಗಿರುವುದು ಇಂಗ್ಲಿಷಾದರೂ ಸರಿ, ಅಲ್ಲೇ ಜಗಳ ತೆಗೆಯುತ್ತದೆ. ಬೇರೆ ಬದಲಾವಣೆಗಳೂ ಇದ್ದವು. ‘ಪ್ರಿಂಟ್’ ಆದೇಶಕ್ಕೆ ಆವರಣ ಚಿಹ್ನೆ ಬೇಕಾಯಿತು. ಏಳನ್ನು ಎರಡರಿಂದ ಭಾಗಿಸಿದರೆ ಮೂರು ಎನ್ನುತ್ತಿದ್ದದ್ದು ಮೂರೂವರೆ ಎನ್ನತೊಡಗಿತು. ಜನ ಹೆಚ್ಚು ಗೊಣಗಿದ್ದು ಪ್ರಿಂಟ್ ಬಗ್ಗೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನಿಜವಾಗಿ ನಿದ್ದೆಗೆಡಿಸಿದ್ದು ಬರಹ ಮತ್ತು ಬೈಟ್‌ಗಳ ವಿಷಯ.

ಹಳೆಯ ಪ್ರೋಗ್ರಾಮನ್ನು ಹೊಸದಕ್ಕೆ ತರ್ಜುಮೆ ಮಾಡಲು ಒಂದು ಯಂತ್ರವನ್ನೂ ಕೊಟ್ಟಿದ್ದರು. ಅದರ ಹೆಸರೇ ‘ಟು ಟು ತ್ರೀ’, ಎರಡರಿಂದ ಮೂರಕ್ಕೆ. ಪ್ರಿಂಟ್‌ಗೆ ಆವರಣ ಹಾಕುವಂಥ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು. ಬರಹ-ಬೈಟ್ ವಿಷಯಕ್ಕೆ ಬಂದಾಗ ಕೈಚೆಲ್ಲುತ್ತಿತ್ತು. ಯಂತ್ರ ದಡ್ಡ ಎಂದಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಯಾರಿಗಾದರೂ ಈ ಕಷ್ಟ ಗೊತ್ತು. ಇಂಗ್ಲಿಷ್ ಕತೆಯಲ್ಲಿ ಒಬ್ಬ ‘ಅಂಕಲ್’ ಬರುತ್ತಾನೆ. ಅವನು ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ? ಅವನನ್ನು ‘ಯೂ’ ಎಂದು ಕರೆದ ಹುಡುಗಿ ಹೇಳಿದ್ದು ‘ನೀನು’ ಎಂದೋ ‘ನೀವು’ ಎಂದೋ? ಮೂಲದಲ್ಲಿ ಆ ಮಾಹಿತಿಯೇ ಇಲ್ಲ. ಇಂಗ್ಲಿಷಿಗೆ ಅದು ಬೇಕಿಲ್ಲ; ಕನ್ನಡ ಅದನ್ನು ಹೇಳದೆ ಒಂದು ವಾಕ್ಯ ಮುಂದೆ ಹೋಗಲು ಬಿಡುವುದಿಲ್ಲ. ಅನುವಾದಕರು ಹಿಂದಿನ ಅಧ್ಯಾಯಕ್ಕೆ ಹೋಗಿ ಹುಡುಕಬೇಕು, ಸಿಗದಿದ್ದರೆ ಊಹಿಸಬೇಕು, ಮೂಲ ಲೇಖಕರು ಬದುಕಿದ್ದರೆ ಕಾಗದ ಬರೆದು ಕೇಳಬೇಕು.

ಪೈಥಾನ್ 2ರ ‘ಸ್ಟ್ರಿಂಗ್’ ಅಂಥದೊಂದು ಅಂಕಲ್. ಅದು ಬರಹವೋ ಬೈಟೋ ಎಂದು ಪ್ರೋಗ್ರಾಮಿನಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆದವರ ತಲೆಯಲ್ಲಿತ್ತು, ಎಷ್ಟೋ ಸಲ ಅಲ್ಲೂ ಇರಲಿಲ್ಲ. ಬೆಂಗಳೂರು, ಪುಣೆ, ಹೈದರಾಬಾದಿನ ಕಚೇರಿಗಳಲ್ಲಿ ‘ಮೈಗ್ರೇಶನ್’ ಎಂಬ ಹೆಸರಿನಲ್ಲಿ ಈ ಕೆಲಸ ಮಾಡಿದವರು ದಿನಗಟ್ಟಲೆ ಮಾಡಿದ್ದು ಇದನ್ನೇ: ಕೆಲಸ ಬಿಟ್ಟು ಹೋದ ಯಾರೋ ಬರೆದ ಸಾಲನ್ನು ಮುಂದಿಟ್ಟುಕೊಂಡು, ಇಲ್ಲಿ ಬರುವುದು ಏನು ಎಂದು ಜಾಡು ಹಿಡಿಯುವುದು. ಎಲ್ಲ ಮುಗಿದ ಮೇಲೆ ಪ್ರೋಗ್ರಾಮು ಮೊದಲು ಮಾಡುತ್ತಿದ್ದುದನ್ನೇ ಮಾಡುತ್ತದೆ. ತೋರಿಸಲು ಹೊಸದೇನೂ ಇರುವುದಿಲ್ಲ. ಇಂಥ ಕೆಲಸಕ್ಕೆ ಯಾವ ಮ್ಯಾನೇಜರ್ ಖುಷಿಯಿಂದ ದುಡ್ಡು ಕೊಟ್ಟಾನು?

ಕನ್ನಡದವರಿಗೆ ಇದು ಹೊರಗಿನ ಕಥೆಯೂ ಅಲ್ಲ. ನುಡಿ, ಬರಹ, ಶ್ರೀಲಿಪಿಗಳ ಕಾಲದಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಕೆಲಸ ಸಾಗಿಸಿದ್ದರು. ತೆರೆಯ ಮೇಲೆ ಕನ್ನಡ, ಒಳಗೆ ಬೇರೇನೋ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅಡ್ಡಾದಿಡ್ಡಿ ರೋಮನ್ ಗುರುತುಗಳು. ಇವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಬಂದವು, ಆದರೆ ಅವೂ ಮೊದಲು ಕೇಳುವುದು ಇದು ಯಾವ ಫಾಂಟು ಎಂದು. ಕಡತದ ಒಳಗೆ ಉತ್ತರವಿಲ್ಲದಿದ್ದರೆ ಟೈಪ್ ಮಾಡಿದವರನ್ನೇ ಹುಡುಕಬೇಕು. ಇನ್ನು ಲೇಖಕರು ಯೂನಿಕೋಡಿಗೆ ಬಂದರೂ ಡಿಟಿಪಿಯವರು ಬರಲಾಗುತ್ತಿರಲಿಲ್ಲ, ಯಾಕೆಂದರೆ ಅವರ ಪೇಜ್‌ಮೇಕರ್‌ಗೆ ಕನ್ನಡದ ಯೂನಿಕೋಡ್ ಬರುತ್ತಿರಲಿಲ್ಲ. ಪ್ರೆಸ್ಸು ‘ನುಡಿಯಲ್ಲಿ ಕೊಡಿ’ ಎನ್ನುತ್ತಿತ್ತು, ಲೇಖಕರು ಮತ್ತೆ ಹಿಂದಕ್ಕೆ ಪರಿವರ್ತಿಸಿ ಕೊಡುತ್ತಿದ್ದರು. ಪ್ರತಿಯೊಬ್ಬರೂ ಮುಂದಿನವರು ದಾಟಲಿ ಎಂದು ದಡದಲ್ಲಿ ಕೂತಿದ್ದರು.

ಪೈಥಾನಿನಲ್ಲೂ ಹೀಗೇ ಆಯಿತು. ಒಂದು ಪ್ರೋಗ್ರಾಮು ಹತ್ತಾರು ಲೈಬ್ರರಿಗಳ ಮೇಲೆ ನಿಂತಿರುತ್ತದೆ. ಅವುಗಳಲ್ಲಿ ಒಂದು ದಾಟದಿದ್ದರೂ ಪ್ರೋಗ್ರಾಮು ದಾಟುವಂತಿಲ್ಲ. ಬಳಸುವವರು ದಾಟದಿದ್ದರೆ ಲೈಬ್ರರಿಯವರಿಗೆ ಅವಸರವಿಲ್ಲ. ಗಣಿತದ ಕೆಲಸಕ್ಕೆ ಬೇಕಾದ ನಂಪೈ 2010ರಲ್ಲೇ ಮೂರಕ್ಕೆ ಸಿದ್ಧವಾಯಿತು. ವೆಬ್‌ಸೈಟ್ ಕಟ್ಟುವವರ ಜಾಂಗೊ 2013ರವರೆಗೆ ಬರಲಿಲ್ಲ, ಬಂದಾಗಲೂ ‘ಪ್ರಾಯೋಗಿಕ’ ಎಂಬ ಚೀಟಿ ಅಂಟಿಸಿಕೊಂಡೇ ಬಂತು.

ಮೊದಲ ಯೋಜನೆಯಲ್ಲಿದ್ದ ಕಲ್ಪನೆ, ಎಲ್ಲರೂ ಎರಡರಲ್ಲಿ ಬರೆಯುತ್ತ ಯಂತ್ರದಿಂದ ಮೂರಕ್ಕೆ ತರ್ಜುಮೆ ಮಾಡುತ್ತ ಹೋಗುತ್ತಾರೆ, ಒಂದು ದಿನ ಎರಡನ್ನು ಬಿಟ್ಟುಬಿಡುತ್ತಾರೆ ಎಂಬುದು. ಮಾತಾಡುವ ಭಾಷೆಗಳನ್ನು ಗಮನಿಸಿದವರು ಇದನ್ನು ಒಪ್ಪುತ್ತಿರಲಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಜನ ಹಾರುವುದಿಲ್ಲ, ನಡುವೆ ಒಂದು ತಲೆಮಾರು ಎರಡನ್ನೂ ಬೆರೆಸಿ ಆಡುತ್ತದೆ. ಚೆನ್ನೈಯ ಕನ್ನಡ ಮನೆಗಳಲ್ಲಿ, ಮುಂಬೈಯ ಚಾಳುಗಳಲ್ಲಿ ನಡೆದದ್ದು ಅದೇ. ಆ ಬೆರಕೆಯನ್ನು ಕೇಳಿ ಶುದ್ಧಿವಾದಿಗಳು ಮುಖ ಸಿಂಡರಿಸಬಹುದು, ಆದರೆ ದಾಟುವುದು ಅದರ ಮೇಲೆಯೇ.

ಪೈಥಾನಿನಲ್ಲಿ ಅಂಥ ಬೆರಕೆ ಮಾತನ್ನು ಸಾಧ್ಯ ಮಾಡಿದ್ದು ‘ಸಿಕ್ಸ್’ ಎಂಬ ಪುಟ್ಟ ಲೈಬ್ರರಿ. ಎರಡು ಮೂರಲಿ ಆರು, ಆದ್ದರಿಂದ ಆ ಹೆಸರು. ಅದನ್ನು ಬಳಸಿ ಬರೆದರೆ ಒಂದೇ ಪ್ರೋಗ್ರಾಮು ಎರಡರಲ್ಲೂ ಮೂರರಲ್ಲೂ ಓಡುತ್ತಿತ್ತು. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ನಡೆಯುತ್ತಿತ್ತು. ಭಾಷೆ ಕಟ್ಟುವವರೂ ಸ್ವಲ್ಪ ಬಗ್ಗಿದರು. ಯೂನಿಕೋಡ್ ಬರಹದ ಮುಂದೆ ಹಾಕುತ್ತಿದ್ದ ‘ಯು’ ಎಂಬ ಗುರುತನ್ನು ಮೂರನೇ ಆವೃತ್ತಿ, ಅನಗತ್ಯವೆಂದು, ತೆಗೆದುಹಾಕಿತ್ತು. 2012ರಲ್ಲಿ ಬಂದ 3.3 ಅದನ್ನು ವಾಪಸು ತಂದಿತು. ಅದಕ್ಕೆ ಹೊಸ ಅರ್ಥವೇನೂ ಇಲ್ಲ, ಎರಡೂ ಕಡೆ ಓಡುವ ಪ್ರೋಗ್ರಾಮುಗಳಿಗೆ ಅನುಕೂಲವಾಗಲೆಂದು ಅಷ್ಟೆ. 2015ರ 3.5ರಲ್ಲಿ ಬೈಟ್‌ಗಳನ್ನು ಹಳೆಯ ಶೈಲಿಯಲ್ಲಿ ಜೋಡಿಸುವ ಸೌಲಭ್ಯವೂ ಹಿಂದಿರುಗಿತು. ತತ್ತ್ವದಲ್ಲಿ ಸೋತಂತೆ ಕಾಣುವ ಈ ಸಣ್ಣ ಹೆಜ್ಜೆಗಳು ಜನರನ್ನು ದಾಟಿಸಿದಷ್ಟು ‘ಟು ಟು ತ್ರೀ’ ದಾಟಿಸಲಿಲ್ಲ. ಇವು 2008ರಲ್ಲೇ ಇದ್ದಿದ್ದರೆ ಹನ್ನೊಂದು ವರ್ಷ ಬೇಕಾಗುತ್ತಿರಲಿಲ್ಲ.

ದೂರಿದವರೆಲ್ಲ ಸೋಮಾರಿಗಳೂ ಅಲ್ಲ. ಪ್ರೋಗ್ರಾಮುಗಳ ಹಳೆಯ-ಹೊಸ ಪ್ರತಿಗಳನ್ನು ಕಾಪಾಡುವ ಮರ್ಕ್ಯುರಿಯಲ್ ಎಂಬ ಸಾಧನ ಪೂರ್ತಿ ಬೈಟ್‌ಗಳ ಮೇಲೆಯೇ ನಿಂತದ್ದು. ಬಳಕೆದಾರರ ಕಡತದಲ್ಲಿ ಏನಿದೆಯೋ ಅದನ್ನು ಒಂದು ಬೈಟ್ ಹೆಚ್ಚುಕಡಿಮೆಯಾಗದಂತೆ ಇಡುವುದೇ ಅದರ ಧರ್ಮ. ಅದು ಮೂರಕ್ಕೆ ಬಂದದ್ದು 2019ರ ಕೊನೆಗೆ. ಲಿನಕ್ಸಿನಲ್ಲಿ ಕಡತದ ಹೆಸರು ಕೂಡ ಬರೀ ಬೈಟ್‌ಗಳೇ, ಅದು ಓದಬಲ್ಲ ಬರಹವಾಗಿರಬೇಕೆಂದಿಲ್ಲ. ಬರಹ ಬೇರೆ ಬೈಟ್ ಬೇರೆ ಎಂಬ ನಿಯಮ ಇಂಥ ಕಡೆಗಳಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತದೆ. ಅವರ ಸಿಟ್ಟಿಗೆ ಕಾರಣವಿತ್ತು. ಆದರೆ ತೂಕದ ಇನ್ನೊಂದು ತಟ್ಟೆಯಲ್ಲಿ ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದ ತಪ್ಪಿಗೆ ಪ್ರೋಗ್ರಾಮು ಬೀಳಿಸಿದವರಿದ್ದರು. ಅವರಲ್ಲಿ ಹೆಚ್ಚಿನವರು ಈ ವಾಗ್ವಾದಗಳಲ್ಲಿ ಇರಲೇ ಇಲ್ಲ. ಅವರಿಗೆ ಪೈಥಾನ್ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ಗದ್ದಲ ಮಾಡಿದವರ ನಷ್ಟವನ್ನು ಮಾತ್ರ ಎಣಿಸಿ ‘ಪೈಥಾನ್ 3 ಒಂದು ಪ್ರಮಾದ’ ಎಂದು ತೀರ್ಪು ಕೊಡುವವರು ಈ ತಟ್ಟೆಯನ್ನು ನೋಡಿಲ್ಲ.

ಅದೇ ಹೊತ್ತಿನಲ್ಲಿ ಇನ್ನೆರಡು ಭಾಷೆಗಳ ಜನ ಕಾಯುತ್ತಿದ್ದರು. ಪಿಎಚ್‌ಪಿಯ ಆರನೇ ಆವೃತ್ತಿಯನ್ನು ಯೂನಿಕೋಡಿಗೆಂದೇ ಕಟ್ಟಲು ಹೊರಟು, ಭಾರ ತಾಳಲಾರದೆ ಕೈಬಿಟ್ಟರು. ಅಷ್ಟರಲ್ಲಿ ಆರನೆಯದರ ಹೆಸರು ಹೊತ್ತ ಪುಸ್ತಕಗಳು ಅಂಗಡಿಗೆ ಬಂದಾಗಿತ್ತು. ಹಾಗಾಗಿ 2015ರಲ್ಲಿ ಐದರ ನಂತರ ನೇರ ಏಳು ಬಂತು. ಪರ್ಲ್‌ನ ಆರನೆಯದನ್ನು 2000ದಲ್ಲಿ ಸಾರಿದರು, ಸ್ಥಿರವಾಗಿ ಹೊರಬಂದದ್ದು 2015ರ ಕ್ರಿಸ್ಮಸ್‌ಗೆ. ಹದಿನೈದು ವರ್ಷ ಕಾದವರಲ್ಲಿ ಬಹಳಷ್ಟು ಜನ ಅಷ್ಟರಲ್ಲಿ ಬೇರೆ ಭಾಷೆ ಕಲಿತಿದ್ದರು. 2019ರಲ್ಲಿ ಅದು ರಾಕು ಎಂದು ಹೆಸರು ಬದಲಿಸಿ ಬೇರೆ ಮನೆ ಮಾಡಿತು. ಇವರಿಗೆ ಹೋಲಿಸಿದರೆ ಪೈಥಾನಿನವರು ಹೇಳಿದ್ದನ್ನು ಹೇಳಿದ ಕೆಲವೇ ವರ್ಷಗಳಲ್ಲಿ ಕೈಗೆ ಕೊಟ್ಟರು. ಹಳೆಯದನ್ನು ಅರ್ಧ ದಾರಿಯಲ್ಲಿ ಬಿಡಲೂ ಇಲ್ಲ. 2.7ರ ಪೋಷಣೆ 2015ಕ್ಕೆ ಮುಗಿಯಬೇಕಿತ್ತು, 2014ರಲ್ಲಿ ಪರಿಸ್ಥಿತಿ ನೋಡಿ ಇನ್ನೂ ಐದು ವರ್ಷ ಮುಂದೂಡಿದರು. ಆ ಐದು ವರ್ಷದಲ್ಲೇ ದೊಡ್ಡವರು ದಾಟಿದ್ದು; ಇನ್‌ಸ್ಟಾಗ್ರಾಮ್ ತಾನು ಮೂರಕ್ಕೆ ಬಂದಾಯಿತೆಂದು 2017ರಲ್ಲಿ ಹೇಳಿಕೊಂಡಿತು.

ಕಲಿತ ಪಾಠ ಈಗ ಬಳಕೆಗೆ ಬಂದಿದೆ. ಒಂದೇ ಪ್ರೋಗ್ರಾಮಿನ ಹಲವು ಎಳೆಗಳು ಏಕಕಾಲಕ್ಕೆ ಓಡದಂತೆ ತಡೆಯುವ ಒಂದು ಬೀಗ ಪೈಥಾನಿನೊಳಗೆ ಮೊದಲಿನಿಂದ ಇದೆ. ಅದನ್ನು ತೆಗೆಯಲು 2023ರಲ್ಲಿ ಒಪ್ಪಿಗೆ ಸಿಕ್ಕಾಗ, ಎರಡರಿಂದ ಮೂರಕ್ಕೆ ಹೋದಾಗಿನ ಪಾಡು ಮತ್ತೆ ಬೇಡ ಎಂದು ಭಾಷೆಯ ಮಂಡಳಿ ಮೊದಲೇ ಹೇಳಿತು. 2024ರ ಅಕ್ಟೋಬರಿನಲ್ಲಿ ಬಂದ 3.13ರ ಜೊತೆಗೆ ಬೀಗವಿಲ್ಲದ ಪ್ರತಿಯೊಂದನ್ನು ಪ್ರಾಯೋಗಿಕವಾಗಿ ಕೊಟ್ಟರು. ಬೇಕಾದವರು ಅದನ್ನು ತೆಗೆದುಕೊಳ್ಳಬಹುದು, ಬೇಡದವರಿಗೆ ಹಳೆಯದು ಹಾಗೇ ಇದೆ. ಲೈಬ್ರರಿ ಬರೆಯುವವರು ಸದ್ಯ ಎರಡಕ್ಕೂ ಹೊಂದಿಸುತ್ತಿದ್ದಾರೆ. ‘ಟು ಟು ತ್ರೀ’ ಯಂತ್ರವನ್ನು ಪೈಥಾನಿನಿಂದ ತೆಗೆದುಹಾಕಿದ್ದೂ ಅದೇ 3.13ರಲ್ಲಿ.