ಮೀನೂಟದ ಹೋಟೆಲ್‌ನಲ್ಲಿ ಸೀಟು ಫುಲ್, ಆದ್ರೆ ಗಲ್ಲಾ?

ಮಂಗಳೂರು: ಬಂದರಿನ ನಾರಾಯಣ, ಕಾರ್‌ಸ್ಟ್ರೀಟ್ ಬಳಿಯ ಗಿರಿಮಂಜಾಸ್‌ನಂಥ ಹಳೇ ಮೀನೂಟದ ಹೋಟೆಲ್‌ಗಳು ನಗರದ ಗುರುತೇ ಆಗಿಬಿಟ್ಟಿವೆ. ಮನೆಯವರೇ ನಡೆಸುವ ಇಂಥ ಚಿಕ್ಕ ಹೋಟೆಲ್‌ಗಳು ಮೂಲ್ಕಿ, ಉಳ್ಳಾಲದ ಕಡೆಯೂ ಬೇಕಾದಷ್ಟಿವೆ. ಎಲ್ಲರಿಗೂ ಕಷ್ಟದ ಕಾಲ ಮಳೆಗಾಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಮರಿ ಮೀನು ಉಳಿಯಬೇಕು, ನಿಷೇಧ ಬೇಕೇ ಬೇಕು. ಆದರೆ ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದ್ರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್! ಆಗ ಉಳಿಯೋದು ಕಡಲು ಸುಮ್ಮನಿದ್ದ ದಿನ ನಾಡದೋಣಿಯವರು ತರುವ ಮೀನು, ಇಲ್ಲಾಂದ್ರೆ ಕೋಲ್ಡ್ ಸ್ಟೋರೇಜ್ ಮಾಲು. ಜೂನ್ 15ರ ನಂತರ ಆ ಕಡೆಯ ಐಸ್ ಮೀನು ಲಾರಿಯಲ್ಲಿ ಬರುತ್ತೆ, ಸಾಗಾಟದ ಖರ್ಚೂ ಜೊತೆಗೇ ಬರುತ್ತೆ.

ಇಲ್ಲೇ ಲೆಕ್ಕ ತಪ್ಪೋದು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಪಲ್ಯ ಇರುವ ಊಟದಲ್ಲಿ ಲಾಭ ಅಷ್ಟಕ್ಕಷ್ಟೇ. ನಾಲ್ಕು ಕಾಸು ಉಳಿಯೋದು ತವಾ ಫ್ರೈ, ರವಾ ಫ್ರೈಯಲ್ಲಿ. ಅಂಜಲ್, ಕಾಣೆಯ ರೇಟ್ ಕೇಳಿದ ಗಿರಾಕಿ 'ಇವತ್ತು ಊಟ ಒಂದೇ ಸಾಕು' ಅಂದ್ರೆ ಸೀಟು ತುಂಬುತ್ತೆ, ಗಲ್ಲಾ ತುಂಬಲ್ಲ. ಬೂತಾಯಿ, ಬಂಗುಡೆಯಾದರೂ ಅಗ್ಗಕ್ಕೆ ಸಿಕ್ಕಿದ್ರೆ ಸುಧಾರಿಸಬಹುದಿತ್ತು. ಆದರೆ ಬೂತಾಯಿಯನ್ನು ನಂಬೋ ಹಾಗಿಲ್ಲ, ಒಂದು ವರ್ಷ ರಾಶಿ, ಇನ್ನೊಂದು ವರ್ಷ ಪತ್ತೆಯೇ ಇಲ್ಲ. ಬಂದದ್ದರಲ್ಲೂ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುವ ಪಾಲು ಸಣ್ಣದಲ್ಲ.

ಅಡುಗೆಮನೆಯ ಖರ್ಚು ಬೇರೆ. 2025ರಲ್ಲಿ ತೆಂಗಿನೆಣ್ಣೆ ಲೀಟರ್‌ಗೆ 400 ರೂ. ದಾಟಿತು. ಎಣ್ಣೆ ಬದಲಿಸಿದ್ರೆ ಹಳೇ ಗಿರಾಕಿಗೆ ಮೊದಲ ತುತ್ತಿಗೇ ಗೊತ್ತಾಗುತ್ತೆ. 19 ಕೆ.ಜಿ. ಸಿಲಿಂಡರ್‌ಗೆ ಶೇ. 18 ಜಿಎಸ್‌ಟಿ. ಬಿಲ್ಲಿಗೆ ಶೇ. 5 ಹಾಕುವ ಹೋಟೆಲ್‌ನವರಿಗೆ ಅದು ವಾಪಸ್ ಸಿಗಲ್ಲ, ಇನ್‌ಪುಟ್ ಕ್ರೆಡಿಟ್ ಇಲ್ಲವಲ್ಲ. ಆನ್‌ಲೈನ್ ಡೆಲಿವರಿಗೆ ಕೊಡೋಣ ಅಂದ್ರೆ ಕಮಿಷನ್ ಹೋಗುತ್ತೆ. ಡಬ್ಬಿಯೊಳಗೆ ಅರ್ಧ ಗಂಟೆ ಇದ್ದ ರವಾ ಫ್ರೈ ಯಾವ ಸೀಮೆಯ ಫ್ರೈ?

ಹಾಗಾದ್ರೆ ಇವು ಉಳಿದಿರೋದು ಹೇಗೆ? ಎಷ್ಟೋ ಕಡೆ ಕಟ್ಟಡ ಸ್ವಂತದ್ದು, ಗಲ್ಲಾದಲ್ಲಿ ಅಣ್ಣ, ಒಲೆಯ ಮುಂದೆ ಅತ್ತಿಗೆ. ಇವರ ಸಂಬಳ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದನ್ನೂ ಬರೆದರೆ ಮಳೆಗಾಲದ ಎರಡು ತಿಂಗಳು ಬಹುಶಃ ನಷ್ಟವೇ. ಮಗ ಬೆಂಗಳೂರಿಗೋ ದುಬೈಗೋ ಹೋದರೆ ಆ ಜಾಗಕ್ಕೆ ಸಂಬಳದ ಆಳು ಬೇಕು, ಊಟದ ರೇಟೂ ಏರಿಸಬೇಕಾಗುತ್ತೆ. ರೇಟ್ ಏರಿದ ಮೇಲೆ ದಿನಾ ಬರುವ ಅಂಗಡಿ ಕೆಲಸದ ಹುಡುಗರು, ರಿಕ್ಷಾದವರು ಬರ್ತಾರಾ ಅನ್ನೋದೇ ಪ್ರಶ್ನೆ.

ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಆಳಸಮುದ್ರದ ಟ್ರಾಲ್ ಬೋಟ್ ಹೋಗಿ ದಕ್ಕೆಗೆ ಮರಳಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೂ ಫ್ರೈ ರೇಟ್ ಕೇಳಿಯೇ ಆರ್ಡರ್ ಮಾಡಬೇಕು.