ಕಿವಿಗೆ ಹಾಕುವ ಕೊಕ್ಕೆ ಯಾವ ಲೋಹದ್ದು?

ಬೆಂಗಳೂರಿನ ನಾಗಸಂದ್ರದಲ್ಲಿ ಬಾಡಿಗೆಗಿರುವ ನಮ್ಮೂರಿನ ಒಂದು ಕುಟುಂಬದ ಮನೆಗೆ ಮೊನ್ನೆ ಹೋಗಿದ್ದೆವು. ಗಂಡನಿಗೆ ಪೀಣ್ಯದಲ್ಲಿ ಕೆಲಸ. ಹೆಂಡತಿ ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಕಿವಿಯೋಲೆ ಮಾಡಿ ಪರಿಚಯದವರಿಗೆ ಮಾರುತ್ತಾರೆ. ಮೊದಲು ಮಣಿ ಪೋಣಿಸುವುದಷ್ಟೇ ಅವರ ಕೆಲಸ. ಕೊಕ್ಕೆ, ಕೊಂಡಿ ಎಲ್ಲ ಪೇಟೆಯ ಪ್ಯಾಕೆಟಿನವು. ಒಂದು ದಿನ ಓಲೆ ಕೊಂಡ ಹುಡುಗಿಯ ಕಿವಿ ಕೆಂಪಾಗಿ ನೀರು ಸೋರಿತು, ಓಲೆ ವಾಪಸ್ ಬಂತು. ಅಂದಿನಿಂದ ಅವರು ತಂತಿ ತಂದು ಕೊಕ್ಕೆಯನ್ನು ತಾವೇ ಬಾಗಿಸುತ್ತಿದ್ದಾರೆ.

ಅವರು ಮಾಡಿದ್ದೇ ಸರಿ ಅಂತ ನಮ್ಮ ಅಭಿಪ್ರಾಯ. ನಮ್ಮ ಹಿರಿಯ ಹೆಂಗಸರು ಕಿವಿಯಂಚಿಗೆ ಅಲಿಕತ್ತು ಹಾಕುತ್ತಿದ್ದ ಕಾಲದಲ್ಲಿ ಅದನ್ನು ಮಾಡಿದ ಅಕ್ಕಸಾಲಿಗ ಯಾರು, ಬಂಗಾರ ಎಷ್ಟು ಅಂತ ಮನೆಯವರಿಗೆ ಗೊತ್ತಿರುತ್ತಿತ್ತು. ಈಗ ಪ್ಯಾಕೆಟಿನೊಳಗಿನ ಲೋಹ ಯಾವುದು ಅಂತ ಮಾರುವವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಜರ್ಮನ್ ಸಿಲ್ವರ್ ಎಂಬ ಹೆಸರು ಕೇಳಿ ಬೆಳ್ಳಿ ಅಂತ ನಂಬುವವರಿದ್ದಾರೆ. ಅದರಲ್ಲಿ ಬೆಳ್ಳಿ ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಮಾತ್ರ. ಈ ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕಿವಿಗೆ ತಾಗುವ ಆಭರಣದಿಂದ ಎಷ್ಟು ನಿಕ್ಕಲ್ ಬಿಡಬಹುದು ಎಂಬುದಕ್ಕೆ ಯುರೋಪಿನಲ್ಲಿ ಕಾನೂನಿನ ಮಿತಿಯೇ ಇದೆ.

ಕೆಲಸ ದೊಡ್ಡದೇನಲ್ಲ. 0.8 ಮಿಲಿಮೀಟರ್ ದಪ್ಪದ, ಅಂದರೆ 20 ಗೇಜಿನ 92.5 ಬೆಳ್ಳಿ ತಂತಿ. ಒಂದು ಕೊಕ್ಕೆಗೆ 5 ಸೆಂಟಿಮೀಟರ್. ಎರಡು ತುಂಡುಗಳನ್ನು ಜೊತೆಯಾಗಿ ಹಿಡಿದು ಪೆನ್ನಿನ ಮೇಲೆ ಬಾಗಿಸಿದರೆ ಜೋಡಿ ಒಂದೇ ಸಮ ಬರುತ್ತದೆ. ಚುಚ್ಚುವ ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಲೇಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಬೆಳ್ಳಿ ಹಾಕಿಯೂ ಕಿವಿ ಗಾಯವಾಗುತ್ತದೆ. ಒಂದು ಜೊತೆಗೆ ಸುಮಾರು ಅರ್ಧ ಗ್ರಾಮ್ ಬೆಳ್ಳಿ ಸಾಕು.

ಸಣ್ಣ ಕೊಂಡಿಗಳನ್ನೂ ಮನೆಯಲ್ಲೇ ಮಾಡಬಹುದು. ಅದೇ ದಪ್ಪದ 100 ಗ್ರಾಮ್ ಹಿತ್ತಾಳೆ ತಂತಿಯನ್ನು 5 ಮಿಲಿಮೀಟರ್ ಹೆಣಿಗೆ ಕಡ್ಡಿಗೆ ಸುತ್ತಿ ಕತ್ತರಿಸಿದರೆ ಸಾವಿರಕ್ಕೂ ಹೆಚ್ಚು ಸಿಗುತ್ತವೆ. ಆದರೆ ಅದಕ್ಕೆ ಹೋಗುವ ಹೊತ್ತು ನೋಡಿದರೆ, ಕಿವಿಗೆ ತಾಗದ ಆ ಕೊಂಡಿಗಳನ್ನು ಕೊಂಡುಕೊಳ್ಳುವುದೇ ಲೇಸು.

ಒಂದು ವಿಷಯದಲ್ಲಿ ಮಾತ್ರ ನಾವು ಖಂಡಿತ ಬೇಡ ಅನ್ನುತ್ತೇವೆ. ಬೆಸುಗೆ ಮತ್ತು ಆಸಿಡ್ ಕೆಲಸ ಅಡುಗೆ ಮನೆಗೆ ಬರಬಾರದು. ಕೆಲವು ಬೆಳ್ಳಿ ಬೆಸುಗೆಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದರ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಒಂದೇ ಕೋಣೆಯಲ್ಲಿ ಕೂಸು ಮಲಗಿರುವ ಮನೆಗಳು ನಮ್ಮವು. ಬಾಗಿಸಿ ಮಾಡುವುದಕ್ಕೆ ಬೆಂಕಿ ಬೇಡ, ಬೆಸುಗೆ ಬೇಕಾದರೆ ಅಕ್ಕಸಾಲಿಗನ ಹತ್ತಿರ ಕೊಡಿ.

ನಾಗಸಂದ್ರದ ಆ ತಂಗಿ ಈಗ ಪ್ರತಿ ಓಲೆಯ ಕಾರ್ಡಿನಲ್ಲಿ 'ಕೊಕ್ಕೆ ಬೆಳ್ಳಿ, ಉಳಿದದ್ದು ಹಿತ್ತಾಳೆ' ಅಂತ ಬರೆಯುತ್ತಾರೆ. ಬೆಲೆ ಸ್ವಲ್ಪ ಏರಿಸಿದ್ದಾರೆ, ಕೆಲವರು ಚೌಕಾಸಿ ಮಾಡಿ ಬಿಟ್ಟು ಹೋದದ್ದೂ ಉಂಟಂತೆ. ಹಾಗಂತ ಹಿತ್ತಾಳೆಯನ್ನು ಬೇರೆ ಹೆಸರಿನಲ್ಲಿ ಮಾರಲು ಅವರು ಒಪ್ಪಿಲ್ಲ.

ಜಮಾಅತ್ ಕಮಿಟಿಗಳು, ಸಂಘಗಳು ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಡುತ್ತಾ ಬಂದಿವೆ. ಒಳ್ಳೆಯದೇ. ಎಲ್ಲರಿಗೂ ಹೊಲಿಗೆ ಒಗ್ಗುವುದಿಲ್ಲ. ಈ ಸಲ ನಾಲ್ಕೈದು ಮಂದಿಗೆ ಎರಡು ಇಕ್ಕುಳ, ಒಂದು ಅರ, ಒಂದು ಸುತ್ತು ತಂತಿ ಕೊಟ್ಟು ನೋಡಲಿ; ಕಲಿಸಲು ಗೊತ್ತಿರುವ ಒಬ್ಬರನ್ನು ಎರಡು ದಿನ ಕೂರಿಸಲಿ.