ನೆಗಡಿಗೆ ಮೂಗು ಕೊಯ್ಯುವ ವೈದ್ಯ



ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲ್ಲೂಕುಗಳಲ್ಲಿ ಪಾಠ ಹೇಳಿದವನು ನಾನು. ಈಗಲೂ ನಿಮ್ಮ ಮನೆಗಳಿಗೆ ಬಂದಾಗ ಚಹಾದೊಂದಿಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: "ಕಂಪ್ಯೂಟರ್ ಭಾಳ ಸ್ಲೋ ಆಗ್ಯಾದ್ರಿ ಸರ್, ಫಾರ್ಮ್ಯಾಟ್ ಹೊಡಸಬೇಕು." ಈ ಮಾತಿಗೆ ನನ್ನ ತಕರಾರಿದೆ. ಫಾರ್ಮ್ಯಾಟ್ ಎಂಬುದು ಹಾರ್ಡ್ ಡಿಸ್ಕಿನ ನಿರ್ವಹಣೆಯಲ್ಲ. ನಿರ್ವಹಣೆ ಮಾಡದಿದ್ದುದಕ್ಕೆ ತೆರುವ ದಂಡ.

2007ರಲ್ಲಿ ಆ ದಂಡವನ್ನು ನಾನೂ ತೆತ್ತೆ. ನನ್ನ ತಾಯಿ ಹಾಡುತ್ತಿದ್ದ ಬೀಸುವ ಪದಗಳನ್ನು 'ನುಡಿ'ಯಲ್ಲಿ ಬೆರಳಚ್ಚಿಸಿ ಡೆಸ್ಕ್‌ಟಾಪಿನ ಮೇಲಿಟ್ಟಿದ್ದೆ. ಯಂತ್ರ ನಿಧಾನವಾಯಿತೆಂದು ಅಂಗಡಿಗೊಯ್ದೆ. ಸಂಜೆ ಅದು ಹೊಸದರಂತೆ ಮರಳಿತು, ಪದಗಳು ಮರಳಲಿಲ್ಲ. "ಡಿ ಡ್ರೈವ್ ಮುಟ್ಟಿಲ್ರಿ ಸರ್" ಎಂದ ಹುಡುಗ. ಅವನದು ಸುಳ್ಳಲ್ಲ. ಡೆಸ್ಕ್‌ಟಾಪಿನ ಮೇಲೆ ಕಾಣುವುದೆಲ್ಲ ಸಿ ಡ್ರೈವಿನೊಳಗೇ ಇರುತ್ತದೆಂಬುದು ಇಷ್ಟು ವರ್ಷ ಪಾಠ ಹೇಳಿದ ನನಗೇ ತಿಳಿದಿರಲಿಲ್ಲ. ಮತ್ತೆ ಹಾಡಿಸಿಕೊಳ್ಳೋಣವೆಂದರೆ ಆ ವೇಳೆಗೆ ತಾಯಿಯೇ ಇರಲಿಲ್ಲ.

ನಮ್ಮ ಹಿರಿಯರು ಹಗೇವಿನಲ್ಲಿ ಜೋಳವಿಡುತ್ತಿದ್ದರು. ಹುಳು ಬಿದ್ದರೆ ಕಾಳು ತೆಗೆದು, ಒಣಗಿಸಿ, ಹಸನು ಮಾಡುತ್ತಿದ್ದರೇ ಹೊರತು ಹಗೇವಿಗೆ ಬೆಂಕಿಯಿಡುತ್ತಿರಲಿಲ್ಲ. ಡಿಸ್ಕಿಗೂ ಅದೇ ನ್ಯಾಯ. ನಿಧಾನಕ್ಕೆ ಕಾರಣಗಳು ಸಾಮಾನ್ಯವಾಗಿ ಸಣ್ಣವು: ತುಂಬಿ ತುಳುಕುವ ಸಿ ಡ್ರೈವ್, ಯಂತ್ರದೊಡನೆ ತಾವೂ ಎಚ್ಚರಗೊಳ್ಳುವ ಹತ್ತಾರು ತಂತ್ರಾಂಶಗಳು, ಫ್ಯಾನಿನಲ್ಲಿ ಕುಳಿತ ಎರೆಮಣ್ಣಿನ ಧೂಳು. ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸಿನಲ್ಲೇ ಇರುವ ಡಿಸ್ಕ್ ಕ್ಲೀನಪ್ ಓಡಿಸಿ, ಧೂಳು ತೆಗೆಯಿರಿ. 'ಒಂದೇ ಕ್ಲಿಕ್ಕಿನಲ್ಲಿ ವೇಗ' ಎನ್ನುವ ಜಾಹೀರಾತುಗಳನ್ನು ನಂಬಬೇಡಿ.

ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಕೆಡಬಹುದು. ಆದ್ದರಿಂದ ಯುಪಿಎಸ್ ಆಡಂಬರವಲ್ಲ. ಚದುರಿದ ತುಣುಕುಗಳನ್ನು ಕೂಡಿಸುವ ಡಿಫ್ರ್ಯಾಗ್ ಇಂಥ ಡಿಸ್ಕಿಗೆ ಹಿತ. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಅದು ಬೇಡ, ಸುಮ್ಮನೆ ಸವೆತ. ಡಿಸ್ಕು ಟಕ್ ಟಕ್ ಎನ್ನತೊಡಗಿದರೆ ಮೊದಲು ಕಡತಗಳನ್ನು ಬೇರೆಡೆ ನಕಲಿಸಿ, ದುರಸ್ತಿ ಆಮೇಲೆ.

ವೈರಸ್ ಹೊಕ್ಕು ವಿಂಡೋಸ್ ಏಳದೇ ಹೋದಾಗ ಫಾರ್ಮ್ಯಾಟ್ ಅನಿವಾರ್ಯ, ಒಪ್ಪುತ್ತೇನೆ. ಆದರೆ ನಕಲಿಲ್ಲದೆ ಮಾಡಿಸುವುದು ಅಪರಾಧ. ಆ ನಕಲೂ ಅದೇ ಮನೆಯಲ್ಲಿರಬಾರದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಮರೆತಿರಾ? ಜೇವರ್ಗಿಯ ಅಣ್ಣನ ಕಡತಗಳು ಆಳಂದದ ತಂಗಿಯ ಮನೆಯಲ್ಲೊಂದು ಪ್ರತಿಯಾಗಿರಲಿ. "ಎಲ್ಲಾ ಮೊಬೈಲ್ನ್ಯಾಗ ಅದರಿ ಸರ್" ಎನ್ನುವವರಿಗೂ ಇದೇ ಉತ್ತರ: ಒಂದೇ ಕಡೆ ಇರುವುದು ಇಲ್ಲದಿರುವುದಕ್ಕೆ ಸಮೀಪ.

ಹಳೆಯ ನುಡಿ, ಬರಹ ಕಡತಗಳಿದ್ದರೆ ಈಗಲೇ ಯೂನಿಕೋಡಿಗೆ ಪರಿವರ್ತಿಸಿಡಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ನಿಮ್ಮ ಕನ್ನಡ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನು ನಾನು. ಇಂದು ಸಂಜೆ ನಿಮ್ಮ ಡೆಸ್ಕ್‌ಟಾಪಿನ ಮೇಲೆ ಏನೇನಿದೆಯೆಂದು ಒಮ್ಮೆ ನೋಡಿ. ಇದು ನಿಮ್ಮ ಹಳೆಯ ಮೇಷ್ಟ್ರು ಕೊಡುತ್ತಿರುವ ಮನೆಗೆಲಸ.